ತಿಂಗಳ ಸಂಬಳ ಇಲ್ಲದವರು ದುಡ್ಡು ಕೂಡಿಡುವುದು ಹೇಗೆ: ನನ್ನ ಅನುಭವ

ಉಳಿತಾಯದ ಬಗ್ಗೆ ಹೇಳುವವರೆಲ್ಲ ಶುರು ಮಾಡುವುದೇ ಸಂಬಳ ಬಂದ ದಿನದಿಂದ. ನನಗೆ ಸಂಬಳದ ದಿನ ಅಂತ ಇಲ್ಲ. ಉಡುಪಿಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ. ಮೇ, ಜೂನ್‌ನಲ್ಲಿ ಶಾಲೆ ಯೂನಿಫಾರ್ಮ್, ನವರಾತ್ರಿ ದೀಪಾವಳಿಗೆ ಬ್ಲೌಸು, ಆಮೇಲೆ ಮದುವೆ ಸೀಸನ್. ಆಗ ರಾತ್ರಿ ತನಕ ಮೆಷಿನ್ ನಿಲ್ಲುವುದಿಲ್ಲ. ಆಟಿ (ಜುಲೈ, ಆಗಸ್ಟ್ ಹೊತ್ತಿನ ತುಳು ತಿಂಗಳು) ಬಂದರೆ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಆ ಮಳೆಗೆ ಅಂಗಡಿ ಕಡೆ ಬರುವವರೂ ಕಡಿಮೆ. ಆದರೆ ಬಾಡಿಗೆ, ಕರೆಂಟ್ ಬಿಲ್, ಹೊಲಿಯುವ ಹುಡುಗಿಯರ ಕೂಲಿ ಕೊಡಲೇಬೇಕಲ್ವಾ.

ಹಾಗಾಗಿ ನಾನು ಶುರು ಮಾಡಿದ್ದು ಪಿಗ್ಮಿಯಿಂದ, ಅಂದರೆ ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಠೇವಣಿಯಿಂದ. ನಮ್ಮ ಕಡೆ ಪಿಗ್ಮಿ ಅಂದರೆ ವಿವರಿಸಬೇಕಾಗಿಲ್ಲ, ಅದು ನಮ್ಮೂರಲ್ಲೇ ಹುಟ್ಟಿದ್ದು. ನೇಕಾರಿಕೆ ಕಷ್ಟಕ್ಕೆ ಬಿದ್ದಿದ್ದ ಕಾಲದಲ್ಲಿ, 1925ರಲ್ಲಿ, ಉಡುಪಿಯ ನೇಕಾರರಿಗೆ ನೆರವಾಗಲೆಂದು ಟಿ. ಎಂ. ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಸೇರಿ ಶುರು ಮಾಡಿದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, 1928ರಲ್ಲಿ ಈ ಯೋಜನೆ ತಂದಿತು. ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ತೆಗೆದುಕೊಂಡು ಹೋಗುತ್ತಿದ್ದರು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕ್ ಜೊತೆ ಸೇರಿತು, ಪಿಗ್ಮಿ ಮಾತ್ರ ನಮ್ಮ ಪೇಟೆಯಲ್ಲಿ ಇನ್ನೂ ನಡೆಯುತ್ತಿದೆ.

ಪಿಗ್ಮಿಗೆ ಬಡ್ಡಿ ಕಡಿಮೆ, ನಡುವೆ ತೆಗೆದರೆ ಇನ್ನೂ ಕಡಿಮೆ. ಆದರೂ ದಿನದ ಗಲ್ಲಾದ ದುಡ್ಡು ಮನೆಗೆ ಹೋಗುವ ಮೊದಲೇ ಒಂದು ಪಾಲು ಹೊರಗೆ ಹೋಗುತ್ತದಲ್ಲ, ದಿನಗಳಿಕೆಯವರಿಗೆ ಅದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ. ವ್ಯಾಪಾರ ಜೋರಿದ್ದ ದಿನ 300, ಇಲ್ಲದ ದಿನ 50. ದುಡ್ಡು ತೆಗೆದುಕೊಳ್ಳಲು ಬರುವ ಪಿಗ್ಮಿ ಕಲೆಕ್ಟರ್ ಅಣ್ಣ ಮೆಷಿನ್‌ನಿಂದ ಚೀಟಿ ಹರಿದು ಕೊಡುವಾಗಲೇ ಒಟ್ಟು ಮೊತ್ತ ನೋಡಿಕೊಳ್ಳಬೇಕು, ಮೊಬೈಲಿಗೆ ಮೆಸೇಜ್ ಬರುವ ಹಾಗೆ ಮಾಡಿಸಿಕೊಳ್ಳಬೇಕು.

ಒಂದು ಮುಖ್ಯ ವಿಷಯ. ಬ್ಯಾಂಕಿನಲ್ಲಿ ಇಟ್ಟ ದುಡ್ಡಿಗೆ, ಸಹಕಾರಿ ಬ್ಯಾಂಕ್ ಆದರೂ, ಅಸಲು ಬಡ್ಡಿ ಸೇರಿ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ. 2020ರ ಫೆಬ್ರವರಿ ತನಕ ಇದು 1 ಲಕ್ಷ ಇತ್ತು. ಆದರೆ ಬ್ಯಾಂಕ್ ಅಲ್ಲದ ಸಹಕಾರಿ ಸಂಘದಲ್ಲಿ, ಅಂದರೆ ಕ್ರೆಡಿಟ್ ಸೊಸೈಟಿಯಲ್ಲಿ ಇಟ್ಟದ್ದಕ್ಕೆ ಈ ವಿಮೆ ಇಲ್ಲ. ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಸೊಸೈಟಿಗಳು ಬೀದಿಗೊಂದು ಇವೆ, ಚೆನ್ನಾಗಿ ನಡೆಯುವವೂ ಬೇಕಾದಷ್ಟಿವೆ, ಗುರುತಿನವರು ಅಂತ ಜನ ಇಡುತ್ತಾರೆ. ಅರ್ಧ, ಒಂದು ಪರ್ಸೆಂಟ್ ಜಾಸ್ತಿ ಬಡ್ಡಿಗಾಗಿ ಇದ್ದದ್ದನ್ನೆಲ್ಲ ಅಲ್ಲಿ ಇಡಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಪಿಗ್ಮಿ ಮುಗಿದು ಕೈಗೆ ಬಂದ ದುಡ್ಡನ್ನು ಎಲ್ಲಿ ಹಾಕುವುದು? ಎಷ್ಟು ಬಡ್ಡಿ ಅಂತ ಕೇಳುವ ಮೊದಲು ನಾನು ಕೇಳಿಕೊಳ್ಳುವುದು ಒಂದೇ: ಈ ದುಡ್ಡು ನನಗೆ ಯಾವಾಗ ಬೇಕು? ನಾಳೆಯೂ ಬೇಕಾಗಬಹುದು, ಎರಡು ಮೂರು ವರ್ಷಕ್ಕೆ ಬೇಕು, ಹತ್ತು ವರ್ಷ ಮುಟ್ಟುವುದಿಲ್ಲ, ಇಷ್ಟೇ ವಿಂಗಡಣೆ. ಉಳಿದದ್ದೆಲ್ಲ ಇದರಿಂದಲೇ ತೀರ್ಮಾನ ಆಗುತ್ತದೆ.

ನಾಳೆಯೂ ಬೇಕಾಗಬಹುದಾದ ದುಡ್ಡು ಎಫ್‌ಡಿಯಲ್ಲಿ, ಅಂದರೆ ಬ್ಯಾಂಕಿನ ನಿಶ್ಚಿತ ಠೇವಣಿಯಲ್ಲಿ. ಅಂಗಡಿ ಮತ್ತು ಮನೆ ಆರು ತಿಂಗಳು ನಡೆಯುವಷ್ಟು. ಇಲ್ಲಿ ಒಂದು ಚಿಕ್ಕ ಉಪಾಯ ಇದೆ. ಒಂದೂವರೆ ಲಕ್ಷ ಇದ್ದರೆ ಒಂದೇ ಎಫ್‌ಡಿ ಮಾಡಬೇಡಿ, 50 ಸಾವಿರದ ಮೂರು ಮಾಡಿ. ಮೆಷಿನ್ ಮೋಟರ್ ಕೆಟ್ಟು ತುರ್ತಾಗಿ ದುಡ್ಡು ಬೇಕಾದರೆ ಒಂದನ್ನು ಮುರಿದರೆ ಸಾಕು, ಇನ್ನೆರಡರ ಬಡ್ಡಿಗೆ ಏನೂ ಆಗುವುದಿಲ್ಲ.

ಇದರ ಜೊತೆಗೇ ವಿಮೆ. ಬ್ಯಾಂಕ್ ಖಾತೆ ಇದ್ದವರಿಗೆ ವರ್ಷಕ್ಕೆ 436 ರೂಪಾಯಿಗೆ 2 ಲಕ್ಷದ ಜೀವನ್ ಜ್ಯೋತಿ ವಿಮೆ ಸಿಗುತ್ತದೆ, 50 ವರ್ಷದೊಳಗೆ ಸೇರಬೇಕು. 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆಯೂ ಇದೆ. ನನ್ನ ಅಂಗಡಿಯ ಹುಡುಗಿಯರಿಗೆಲ್ಲ ಎರಡನ್ನೂ ಮಾಡಿಸಿದ್ದೇನೆ. ನಿಮ್ಮ ದುಡಿಮೆಯಿಂದಲೇ ಮನೆ ನಡೆಯುವುದಾದರೆ 2 ಲಕ್ಷ ಸಾಲದು, ಟರ್ಮ್ ಪಾಲಿಸಿ (ತೀರಿಕೊಂಡರೆ ಮಾತ್ರ ಮನೆಯವರಿಗೆ ದುಡ್ಡು ಬರುವ ಜೀವ ವಿಮೆ) ಮತ್ತು ಆರೋಗ್ಯ ವಿಮೆ ಬೇಕೇ ಬೇಕು.

ಸ್ವಂತ ಕೆಲಸದವರಿಗೆ ಪಿಎಫ್ ಇಲ್ಲ, ಅದರ ಜಾಗದಲ್ಲಿ ನನಗೆ ಪಿಪಿಎಫ್, ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ. ವರ್ಷಕ್ಕೆ ಕನಿಷ್ಠ 500, ಗರಿಷ್ಠ ಒಂದೂವರೆ ಲಕ್ಷ, ಅವಧಿ 15 ವರ್ಷ. ಪ್ರತಿ ತಿಂಗಳೂ ಕಟ್ಟಲೇಬೇಕು ಅಂತಿಲ್ಲ, ದುಡ್ಡು ಬಂದಾಗ ಕಟ್ಟಬಹುದು. ಆಟಿಯಲ್ಲಿ ಬಿಟ್ಟು ಮದುವೆ ಸೀಸನ್‌ನಲ್ಲಿ ಜಾಸ್ತಿ ಹಾಕಿದರೆ ಯಾರೂ ಕೇಳುವುದಿಲ್ಲ. ಕಟ್ಟುವುದಾದರೆ ತಿಂಗಳ 5ನೇ ತಾರೀಕಿನ ಒಳಗೆ ಕಟ್ಟಿ. 5ರಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿ ಅತಿ ಕಡಿಮೆ ಎಷ್ಟಿತ್ತೋ ಅದಕ್ಕೇ ಬಡ್ಡಿ ಲೆಕ್ಕ, 6ಕ್ಕೆ ಕಟ್ಟಿದರೆ ಆ ತಿಂಗಳ ಬಡ್ಡಿ ಹೋಯಿತು.

ಇನ್ನು ಷೇರು. ನಾನು ಒಂದೊಂದು ಕಂಪನಿಯ ಷೇರು ಕೊಳ್ಳುವುದಿಲ್ಲ, ಅದನ್ನು ಓದಿ ತಿಳಿಯಲು ನನಗೆ ಸಮಯ ಇಲ್ಲ. ನಿಫ್ಟಿ 50 ಇಂಡೆಕ್ಸ್ ಫಂಡ್‌ಗೆ ಹಾಕುತ್ತೇನೆ, ದೇಶದ ದೊಡ್ಡ 50 ಕಂಪನಿಗಳಲ್ಲಿ ನನ್ನ ದುಡ್ಡು ತಾನಾಗಿ ಹಂಚಿಹೋಗುತ್ತದೆ. ಆಟಿಯಲ್ಲೂ ತಪ್ಪದೆ ಕಟ್ಟಬಹುದಾದಷ್ಟೇ ಎಸ್‌ಐಪಿ (ಫಂಡ್‌ಗೆ ತಿಂಗಳ ಕಂತು) ಇಟ್ಟಿದ್ದೇನೆ, ಸೀಸನ್ ಮುಗಿದಾಗ ಮೇಲಿಂದ ಸ್ವಲ್ಪ ಸೇರಿಸುತ್ತೇನೆ. ತೆಗೆದುಕೊಳ್ಳುವಾಗ ಏಜೆಂಟರಿಲ್ಲದೆ ನೇರವಾಗಿ ಕೊಳ್ಳುವ ಡೈರೆಕ್ಟ್ ಪ್ಲಾನ್ ನೋಡಿ, ರೆಗ್ಯುಲರ್‌ನಲ್ಲಿ ಏಜೆಂಟರ ಕಮಿಷನ್ ಪ್ರತಿ ವರ್ಷ ನಮ್ಮ ದುಡ್ಡಿನಿಂದಲೇ ಹೋಗುತ್ತದೆ. ತಿಂಗಳಿಗೆ 2,000ದಂತೆ 20 ವರ್ಷ ಹಾಕಿ, ವರ್ಷಕ್ಕೆ 12 ಪರ್ಸೆಂಟ್ ಬೆಳೆಯಿತು ಅಂತ ಇಟ್ಟುಕೊಂಡರೆ ಹೆಚ್ಚುಕಡಿಮೆ 20 ಲಕ್ಷ. ಕಮಿಷನ್‌ಗೆ ಒಂದು ಪರ್ಸೆಂಟ್ ಹೋಗಿ 11 ಪರ್ಸೆಂಟ್ ಆದರೆ ಸುಮಾರು ಹದಿನೇಳೂವರೆ ಲಕ್ಷ. 12 ಬಂದೇ ಬರುತ್ತದೆ ಅಂತ ಹೇಳುತ್ತಿಲ್ಲ, ಒಂದೇ ಒಂದು ಪರ್ಸೆಂಟ್ ಖರ್ಚಿಗೆ ಎಷ್ಟು ಬೆಲೆ ಅಂತ ತೋರಿಸಿದೆ.

2020ರ ಮಾರ್ಚ್‌ನಲ್ಲಿ ಈ ವಿಂಗಡಣೆಯ ಬೆಲೆ ನನಗೆ ಸರಿಯಾಗಿ ಗೊತ್ತಾಯಿತು. ಜನವರಿಯಲ್ಲಿ 12 ಸಾವಿರದ ಮೇಲಿದ್ದ ನಿಫ್ಟಿ ಸೂಚ್ಯಂಕ ಮಾರ್ಚ್ 23ಕ್ಕೆ 7,610ಕ್ಕೆ ಇಳಿದಿತ್ತು. ಅದೇ ವಾರ ಲಾಕ್‌ಡೌನ್, ಅಂಗಡಿಗೆ ಬೀಗ. ಮದುವೆಗೆ ಹೊಲಿಯಲು ತೆಗೆದುಕೊಂಡ ಬಟ್ಟೆಗಳು ಹಾಗೇ ಮಡಚಿಟ್ಟಿದ್ದವು. ಫಂಡ್ ಮಾರಿಬಿಡು, ಇದ್ದದ್ದಾದರೂ ಕೈಗೆ ಬರಲಿ ಅಂತ ಮನೆಯಲ್ಲೂ ಹೇಳಿದರು. ನಾನು ಎರಡು ಎಫ್‌ಡಿ ಮುರಿದೆ. ಹುಡುಗಿಯರ ಕೂಲಿ ಅದರಿಂದ ಕೊಟ್ಟೆ, ಆಮೇಲೆ ಮನೆಯಲ್ಲೇ ಕುಳಿತು ಬಟ್ಟೆಯ ಮಾಸ್ಕ್ ಹೊಲಿದೆವು. ಫಂಡ್ ಮುಟ್ಟಲಿಲ್ಲ. ನವೆಂಬರ್‌ನಲ್ಲಿ ನಿಫ್ಟಿ 13 ಸಾವಿರ ದಾಟಿತು. ಅಷ್ಟು ಬೇಗ ಏರುತ್ತದೆ ಅಂತ ನನಗೇನೂ ಗೊತ್ತಿರಲಿಲ್ಲ, ಐದು ವರ್ಷ ಹಾಗೇ ಬಿದ್ದಿದ್ದರೂ ನಾನು ಕಾಯಬಹುದಿತ್ತು, ಏಕೆಂದರೆ ಊಟದ ದುಡ್ಡು ಅದರಲ್ಲಿ ಇರಲಿಲ್ಲ.

ಬಂಗಾರದ ಬಗ್ಗೆ ಎಲ್ಲರೂ ಕೇಳುತ್ತಾರೆ. ಹಾಕಿಕೊಳ್ಳುವ ಆಸೆಗೆ ತೆಗೆದುಕೊಳ್ಳಿ, ತಪ್ಪೇನಿಲ್ಲ. ಮಜೂರಿ ಮತ್ತು ಜಿಎಸ್‌ಟಿಗೆ ಕೊಟ್ಟದ್ದು ಮಾರುವಾಗ ವಾಪಸ್ ಬರುವುದಿಲ್ಲ, ಹಾಗಾಗಿ ಆಭರಣವನ್ನು ನಾನು ಹೂಡಿಕೆ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೊನ್ನೆ ನಮ್ಮ ಅಂಗಡಿಯ ಹುಡುಗಿ ಕೇಳಿದಳು, "ಅಕ್ಕ, ನಾನೂ ಎಸ್‌ಐಪಿ ಮಾಡ್ಲಾ?" ಯಾವಾಗ ಬೇಕು ಅಂತ ಕೇಳಿದೆ. ಎರಡು ವರ್ಷದಲ್ಲಿ ತಂಗಿಯ ಮದುವೆ ಇದೆಯಂತೆ. ಹಾಗಾದರೆ ಬ್ಯಾಂಕಿನಲ್ಲಿ ಎರಡು ವರ್ಷದ ಆರ್‌ಡಿ (ಪ್ರತಿ ತಿಂಗಳು ಕಟ್ಟುವ ಠೇವಣಿ) ಮಾಡು ಅಂದೆ. ಪೋಸ್ಟ್ ಆಫೀಸಿನಲ್ಲಿ ತಿಂಗಳಿಗೆ 100 ರೂಪಾಯಿಯಿಂದಲೇ ಆರ್‌ಡಿ ಮಾಡಬಹುದು, ಆದರೆ ಅದಕ್ಕೆ ಐದು ವರ್ಷದ ಅವಧಿ, ಅವಳಿಗೆ ಹೊಂದುವುದಿಲ್ಲ. ಮರುದಿನವೇ ಹೋಗಿ ಖಾತೆ ತೆರೆದಳು, ನಾಮಿನಿಗೆ ಅಮ್ಮನ ಹೆಸರು ಬರೆಸಿದಳು.