ಹಿತ್ತಲಲ್ಲಿ ಈಜುಕೊಳವೇ? ಕಾಂಕ್ರೀಟಿಗೆ ಮೊದಲು ವೈರಿಂಗ್‌ನವರನ್ನು ಕರೆಯಿರಿ

ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ ಕಡೆ ತೋಟದ ಮನೆಗಳಲ್ಲಿ ಚಿಕ್ಕ ಈಜುಕೊಳ ಕಟ್ಟಿಸುವವರನ್ನು ಈಚೆಗೆ ನೋಡುತ್ತಿದ್ದೇನೆ. ಮೊಮ್ಮಕ್ಕಳು ರಜೆಗೆ ಬರುತ್ತಾರೆಂದು ಒಬ್ಬರು, ಹೋಂಸ್ಟೇಗೆಂದು ಇನ್ನೊಬ್ಬರು. ಮೂರು ಮನೆಗಳಲ್ಲಿ ಕಂಡದ್ದು ಒಂದೇ ತಪ್ಪು. ಗುಂಡಿ ತೋಡಿ, ಕಂಬಿ ಕಟ್ಟಿ, ಕಾಂಕ್ರೀಟ್ ಹಾಕಿ, ಟೈಲ್ಸ್ ಕೂರಿಸಿ, ಇನ್ನೇನು ನಾಳೆ ನೀರು ತುಂಬಬೇಕು ಎನ್ನುವಾಗ ವೈರಿಂಗ್‌ನವರಿಗೆ ಫೋನ್. ಅಷ್ಟರಲ್ಲಿ ಕಾಂಕ್ರೀಟ್ ಗಟ್ಟಿಯಾಗಿ, ಶಾಕ್ ತಡೆಯಲು ಕಂಬಿಗೆ ತಾಮ್ರದ ತಂತಿ ಕಟ್ಟುವ ಅವಕಾಶವೇ ಮುಗಿದಿರುತ್ತದೆ.

ಮೊದಲು ಜಾಗ. ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರಿನ ಅಡಿಯಲ್ಲಿ ಬೇಡವೇ ಬೇಡ. ಕೊಳದ ಕಸ ತೆಗೆಯುವ ಬಲೆಗೆ ಉದ್ದದ ಅಲ್ಯೂಮಿನಿಯಂ ಕೋಲಿರುತ್ತದೆ. ಅಡಿಕೆ ಕೊಯ್ಯುವ ದೋಟಿ ಕರೆಂಟಿನ ತಂತಿಗೆ ತಾಗಿದರೆ ಏನಾಗುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅಲ್ವಾ?

ಆಮೇಲೆ ಲೋಡ್. ಒಂದು ಎಚ್‌ಪಿ ಪಂಪಿಗೆ ಸುಮಾರು 1 ಕಿಲೊವ್ಯಾಟ್ ಹಿಡಿಯಿರಿ. ಬಿಸಿನೀರಿನ ಟಬ್ ಆದರೆ ಅದರ ಹೀಟರೇ ದೊಡ್ಡದು. 3 ಕಿಲೊವ್ಯಾಟಿನದು 13 ಆಂಪಿಯರ್ ಎಳೆಯುತ್ತದೆ, 6 ಕಿಲೊವ್ಯಾಟಿನದು 26. ಕೇರಳದಲ್ಲಿ ಮನೆಯ ಒಟ್ಟು ಲೋಡ್ 5 ಕಿಲೊವ್ಯಾಟ್ ದಾಟಿದರೆ ತ್ರೀ ಫೇಸ್ ಬೇಕು. ಅದಕ್ಕೆ ಕೆಎಸ್‌ಇಬಿ (ಕೇರಳ ವಿದ್ಯುತ್ ಮಂಡಳಿ) ಸೆಕ್ಷನ್ ಆಫೀಸಿನಲ್ಲಿ ಮೊದಲೇ ಅರ್ಜಿ ಕೊಡಿ.

ಕೇಬಲ್ ವಿಚಾರ. ಮನೆಯಿಂದ ಕೊಳಕ್ಕೆ 40 ಮೀಟರ್ ಇದ್ದು, 3 ಕಿಲೊವ್ಯಾಟ್ ಹೀಟರಿಗೆ 2.5 ಸ್ಕ್ವೇರ್ ಎಂಎಂ ದಪ್ಪದ ತಂತಿ ಎಳೆದರೆ ದಾರಿಯಲ್ಲೇ ಸುಮಾರು 8 ವೋಲ್ಟ್ ಹೋಗುತ್ತದೆ. ಅದಕ್ಕೇ 4 ಸ್ಕ್ವೇರ್ ಹಾಕಿ. 6 ಕಿಲೊವ್ಯಾಟಿಗೆ ನಾನಾದರೆ 10ಕ್ಕಿಂತ ಕಡಿಮೆ ಹಾಕಿಸುವುದಿಲ್ಲ. ಮೇಲೆ ಲೋಹದ ಕವಚವಿರುವ ಆರ್ಮರ್ಡ್ ಕೇಬಲ್ಲೇ ಇರಲಿ, ಮುಕ್ಕಾಲು ಮೀಟರ್ ಆಳದಲ್ಲಿ ಹೋಗಲಿ. ತೋಟದಲ್ಲಿ ಗೊಬ್ಬರ ಹಾಕುವವರ ಹಾರೆ ಎಲ್ಲಿ ಬೀಳುತ್ತದೆಂದು ಹೇಳುವುದಕ್ಕಾಗುವುದಿಲ್ಲ.

ಇನ್ನು ಬಾಂಡಿಂಗ್. ಎಲ್ಲರೂ ಎಡವುವುದು ಇಲ್ಲೇ. "ಅರ್ತ್ ಗುಂಡಿ ಇದೆಯಲ್ಲ, ಮತ್ತೆ ಇದೇನು?" ಎಂದು ಕೇಳುತ್ತಾರೆ. ಎರಡೂ ಬೇರೆ ಬೇರೆ. ಅರ್ತ್, ಸೋರಿದ ಕರೆಂಟನ್ನು ಮಣ್ಣಿಗೆ ಕಳಿಸುತ್ತದೆ. ಬಾಂಡಿಂಗ್ ಎಂದರೆ ನೀರಿನ ಸುತ್ತ ಕೈಗೆ ಕಾಲಿಗೆ ಸಿಗುವ ಲೋಹವನ್ನೆಲ್ಲ ಒಂದಕ್ಕೊಂದು ತಾಮ್ರದ ತಂತಿಯಲ್ಲಿ ಸೇರಿಸುವುದು. ಆಗ ಎಲ್ಲಾದರೂ ಕರೆಂಟ್ ಸೋರಿದರೂ ಏಣಿ, ನೆಲ, ಪಂಪು ಎಲ್ಲದರ ವೋಲ್ಟೇಜ್ ಒಟ್ಟಿಗೇ ಏರುತ್ತದೆ. ಏಣಿ ಹಿಡಿದ ಕೈಗೂ ನೆಲ ಮುಟ್ಟಿದ ಕಾಲಿಗೂ ನಡುವೆ ವ್ಯತ್ಯಾಸ ತೀರಾ ಕಡಿಮೆಯಾದ್ದರಿಂದ ಮೈಯೊಳಗೆ ಹರಿಯುವುದೂ ಅಷ್ಟೇ ಕಡಿಮೆ. ಒದ್ದೆ ಮೈಗೆ ಇದು ಬಹಳ ಮುಖ್ಯ.

ಮಾಡುವುದು ಹೀಗೆ. ಕಂಬಿ ಕಟ್ಟಿದ ಮೇಲೆ, ಕಾಂಕ್ರೀಟ್ ಹಾಕುವ ಮೊದಲು, ನಾಲ್ಕೂ ಮೂಲೆಯಲ್ಲಿ ಕಂಬಿಗೆ ಸರಿಯಾದ ಕ್ಲ್ಯಾಂಪ್ ಹಾಕಿ ತಾಮ್ರದ ತಂತಿಯನ್ನು ಸುತ್ತ ಓಡಿಸಿ. ಸುಮ್ನೆ ಸುತ್ತಿ ತಿರುಪಿ ಬಿಡುವುದು ಬೇಡ, ವರ್ಷದಲ್ಲಿ ಸಡಿಲವಾಗುತ್ತದೆ. ತಂತಿ 4 ಸ್ಕ್ವೇರಿಗಿಂತ ಕಡಿಮೆ ಇರಬಾರದು, ನನ್ನ ಲೆಕ್ಕ 10. ಸ್ಟೀಲ್ ಏಣಿ, ಕೈಹಿಡಿ, ಪಂಪಿನ ಮೈ, ಹೀಟರಿನ ಮೈ, ಕಬ್ಬಿಣದ ಪೈಪು, ಕೈಗೆಟಕುವ ಕಬ್ಬಿಣದ ಬೇಲಿ ಎಲ್ಲವನ್ನೂ ಸೇರಿಸಿ. ಪಿವಿಸಿ ಪೈಪಿಗೆ ಬೇಡ. ತಂತಿಯ ತುದಿಯನ್ನು ಪಂಪ್ ಶೆಡ್ಡಿನ ತಾಮ್ರದ ಪಟ್ಟಿಗೆ ತಂದು, ಅಲ್ಲಿಂದ ಅರ್ತಿಗೆ ಜೋಡಿಸಿ. ಕಾಂಕ್ರೀಟಿಗೆ ಮೊದಲು ಮೀಟರ್ ಇಟ್ಟು ಪರೀಕ್ಷಿಸಿ, ಫೋಟೊ ತೆಗೆದಿಡಿ.

ಅರ್ತನ್ನೇ ನಂಬಿ ಯಾಕೆ ಕೂರಬಾರದು ಅಂದರೆ, ನಮ್ಮದು ಮುರಕಲ್ಲಿನ ಗುಡ್ಡೆ. ಏಪ್ರಿಲ್, ಮೇಯಲ್ಲಿ ಒಣಗಿದಾಗ ಅರ್ತ್ ಗುಂಡಿಯ ತಡೆ ಏರುತ್ತದೆ. 40 ಓಮ್ ಎಂದಿಟ್ಟುಕೊಳ್ಳಿ. 230 ವೋಲ್ಟ್ ಪೂರ್ತಿ ಸೋರಿದರೂ ಹರಿಯುವುದು 6 ಆಂಪಿಯರಿಗಿಂತ ಕಡಿಮೆ. ಹೆಚ್ಚು ಕರೆಂಟ್ ಹರಿದರೆ ತಾನೇ ಬಿದ್ದು ಲೈನ್ ಕಡಿಯಬೇಕಾದ 16 ಆಂಪಿಯರಿನ ಎಂಸಿಬಿ ಅದಕ್ಕೆ ಬೀಳುವುದೇ ಇಲ್ಲ, ಪಂಪಿನ ಮೈಯಲ್ಲಿ ಕರೆಂಟ್ ಹಾಗೇ ನಿಂತಿರುತ್ತದೆ. ಉಪ್ಪು, ಇದ್ದಿಲು ಹಾಕಲಿ, ಪುಡಿ ತುಂಬಿದ ಕೆಮಿಕಲ್ ಅರ್ತಿಂಗ್ ಮಾರಲಿ, ಅರ್ತ್ ಟೆಸ್ಟರಿನಲ್ಲಿ ಎಷ್ಟು ಓಮ್ ಬಂತೆಂದು ಬೇಸಗೆಯಲ್ಲಿ ತೋರಿಸದೆ ದುಡ್ಡು ಕೊಡಬೇಡಿ.

ಇಲ್ಲಿ ಜೀವ ಕಾಯುವುದು ಆರ್‌ಸಿಸಿಬಿ, ಅಂದರೆ ಕರೆಂಟ್ ಸ್ವಲ್ಪ ಸೋರಿದರೂ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್. ನಮ್ಮವರು ಇಎಲ್‌ಸಿಬಿ ಎನ್ನುತ್ತಾರಲ್ಲ, ಅದೇ. ಮುಖದ ಮೇಲೆ 30 ಮಿಲಿ ಆಂಪಿಯರ್ ಎಂದಿರಬೇಕು. 100 ಅಥವಾ 300ರದ್ದು ಬೆಂಕಿಯಿಂದ ಕಾಪಾಡಲಿಕ್ಕೆ, ಮನುಷ್ಯರಿಗೆ ಅದು ಸಾಲದು. ಪಂಪಿಗೆ, ಹೀಟರಿಗೆ, ದೀಪಕ್ಕೆ ಬೇರೆ ಬೇರೆ ಹಾಕಿಸಿ. ಮಳೆಗಾಲದಲ್ಲಿ ಪದೇ ಪದೇ ಬೀಳುತ್ತದೆಂದು ಅದನ್ನೇ ಕಿತ್ತು ನೇರ ಕೊಟ್ಟದ್ದನ್ನು ಒಂದು ಮನೆಯಲ್ಲಿ ನೋಡಿ ನನಗೆ ನಡುಕ ಬಂತು. ಅದು ಬಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಒಂದೊಂದೇ ಲೈನ್ ಬಿಡಿಸಿ ನೋಡಿ. ಪಂಪಿನ ಸೀಲ್ ಹೋಗಿ ವೈಂಡಿಂಗಿಗೆ ನೀರು ಸೇರಿರಬಹುದು.

ನೀರಿನೊಳಗಿನ ದೀಪ 12 ವೋಲ್ಟಿನದೇ ಆಗಬೇಕು. ನೀರು ಒಳಗೆ ಹೋಗದೆಂಬ ಗುರುತಾದ ಐಪಿ 68 ಎಂದು ಬರೆದಿದ್ದರೂ 230 ವೋಲ್ಟಿನದು ಬೇಡ. ಅದರ ಟ್ರಾನ್ಸ್‌ಫಾರ್ಮರ್ ಸೇಫ್ಟಿ ಐಸೊಲೇಟಿಂಗ್ ಮಾದರಿಯದಿರಲಿ (12 ವೋಲ್ಟಿನ ಕಡೆಯನ್ನು 230ರ ಲೈನಿನಿಂದ ಪೂರ್ತಿ ಬೇರೆ ಇಡುವಂಥದು), ಅಗ್ಗದ ಅಡಾಪ್ಟರ್ ಅಲ್ಲ. ಅದನ್ನೂ ಪ್ಲಗ್ ಪಾಯಿಂಟುಗಳನ್ನೂ ಕೊಳದ ಅಂಚಿನಿಂದ ಮೂರೂವರೆ ಮೀಟರ್ ಆಚೆ ಇಡಿ. ತುಲಾ ತಿಂಗಳ (ಅಕ್ಟೋಬರ್, ನವೆಂಬರ್) ಮಳೆಯ ಸಿಡಿಲಿಗೆ ಬೋರ್ಡಿನಲ್ಲಿ ಒಂದು ಸರ್ಜ್ ಪ್ರೊಟೆಕ್ಟರ್ (ದಿಢೀರ್ ಏರುವ ವೋಲ್ಟೇಜ್ ತಡೆಯುವ ಸಾಧನ) ಇರಲಿ, ಆದರೆ ಗುಡುಗುವಾಗ ಯಾರೂ ನೀರಿಗೆ ಇಳಿಯಬಾರದು.

ಕೆಲಸ ಲೈಸೆನ್ಸ್ ಇರುವವರ ಕೈಯಲ್ಲೇ ಆಗಲಿ. ನೀರು ತುಂಬಿದ ಮೇಲೆ, ಯಾರೂ ಇಳಿಯುವ ಮೊದಲು, ಪಂಪು, ದೀಪ, ಹೀಟರ್ ಎಲ್ಲ ಹಾಕಿ ಒಂದು ಗಂಟೆ ಬಿಡಿ. ಬಳಿಕ ಪ್ರತಿ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ. ಬೀಳದೆ ಹೋದರೆ ಆ ಲೈನನ್ನು ಅಲ್ಲೇ ಬಂದ್ ಮಾಡಿ, ಹೊಸದು ಹಾಕಿಸಿದ ಮೇಲೆಯೇ ಮಕ್ಕಳನ್ನು ಬಿಡಿ. ಆಮೇಲೆ ತಿಂಗಳಿಗೊಮ್ಮೆ ಅದೇ ಬಟನ್ ಒತ್ತುತ್ತಿರಿ.