ಹಲ್ಲಿಗೆ ಕ್ಲಿಪ್ ಹಾಕಿಸುವ ಮೊದಲು: ಥೈರಾಯಿಡ್ ಇದ್ದರೆ, ಹಳೇ ಪೆಟ್ಟಿದ್ದರೆ

ಕಾಸರಗೋಡು ಕಡೆಯ ಹಲವರು ಹಲ್ಲಿನ ಕ್ಲಿಪ್ ಕೆಲಸಕ್ಕೆ ಮಂಗಳೂರಿಗೋ ದೇರಳಕಟ್ಟೆಗೋ ಹೋಗುತ್ತಾರೆ. ಥೈರಾಯಿಡ್ ಮಾತ್ರೆ ಬರೆದುಕೊಟ್ಟವರು ಬದಿಯಡ್ಕದ ಡಾಕ್ಟರು. ಮಗು ಶಾಲೆಯಲ್ಲಿ ಬಿದ್ದು ಹಲ್ಲಿಗೆ ಪೆಟ್ಟು ಮಾಡಿಕೊಂಡಾಗ ತೋರಿಸಿದ್ದು ಕುಂಬಳೆಯಲ್ಲಿ. ಮೂರು ಕಡೆಯ ಚೀಟಿ ಮೂರು ಕಡೆಯೇ ಉಳಿಯುತ್ತದೆ. ಕ್ಲಿಪ್ ಹಾಕುವವರಿಗೆ ಈ ಎರಡೂ ಸಂಗತಿ ಗೊತ್ತಿರಲೇಬೇಕು. ಆದರೆ ಮನೆಯವರು ಹೇಳುವುದೇ ಇಲ್ಲ. ಹಲ್ಲಿಗೂ ಕುತ್ತಿಗೆಯ ಗ್ರಂಥಿಗೂ ಏನು ಸಂಬಂಧ ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ?

ಸಂಬಂಧ ಇರುವುದು ಮೂಳೆಯಲ್ಲಿ. ಹಲ್ಲಿನ ಬೇರು ದವಡೆಯ ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ನಡುವೆ ನಾರಿನ ತೆಳು ಪದರವಿದೆ. ದಪ್ಪ ಸುಮಾರು 0.2 ಮಿಲಿಮೀಟರ್, ಅಷ್ಟೇ. ತಂತಿ ಹಲ್ಲನ್ನು ಒಂದು ಬದಿಗೆ ಒತ್ತಿದಾಗ ಆ ಬದಿಯ ಮೂಳೆ ಕರಗುತ್ತದೆ, ಎಳೆತ ಬಿದ್ದ ಬದಿಯಲ್ಲಿ ಹೊಸ ಮೂಳೆ ಕಟ್ಟಿಕೊಳ್ಳುತ್ತದೆ. ಹೀಗೆ ಹಲ್ಲು ತಿಂಗಳಿಗೆ ಹೆಚ್ಚುಕಮ್ಮಿ 1 ಮಿಲಿಮೀಟರ್ ಸರಿಯುತ್ತದೆ. ತಂತಿ ಬರೀ ಒತ್ತಡ ಕೊಡುತ್ತದೆ, ಉಳಿದ ಕೆಲಸವೆಲ್ಲ ಮೂಳೆಯದು. ಮೂಳೆ ಎಷ್ಟು ಬೇಗ ಕರಗಿ ಕಟ್ಟಬೇಕು ಎಂಬುದರಲ್ಲಿ ಥೈರಾಯಿಡ್ ಹಾರ್ಮೋನಿನ ಕೈ ದೊಡ್ಡದು.

ಮೊದಲು ಥೈರಾಯಿಡ್ ರಕ್ತ ಪರೀಕ್ಷೆಯ (ಟಿಎಸ್‌ಎಚ್) ರಿಪೋರ್ಟ್ ತೆಗೆದಿಡಿ

ಹಾರ್ಮೋನು ಕಡಿಮೆಯಾದರೆ, ಅಂದರೆ ಹೈಪೋ ಇದ್ದರೆ, ಮೂಳೆ ಕರಗಿ ಮತ್ತೆ ಕಟ್ಟಿಕೊಳ್ಳಲು ಬಹಳ ಸಮಯ ಹಿಡಿಯುತ್ತದೆ. ಹಲ್ಲು ನಿಧಾನವಾಗಿ ಸರಿಯಬಹುದು. ಚಿಕ್ಕಂದಿನಿಂದಲೇ ಕೊರತೆಯಿದ್ದು ಔಷಧಿ ಸಿಗದ ಮಕ್ಕಳಲ್ಲಿ ಹಲ್ಲು ಮೂಡುವುದೂ ತಡ, ನಾಲಗೆ ದಪ್ಪ. ದಪ್ಪ ನಾಲಗೆ ಒಳಗಿನಿಂದ ಹಲ್ಲನ್ನು ಹೊರಕ್ಕೆ ತಳ್ಳುತ್ತದೆ. ಹಾರ್ಮೋನು ಜಾಸ್ತಿಯಾದರೆ, ಅಂದರೆ ಹೈಪರ್ ಇದ್ದರೆ, ಇದಕ್ಕೆ ತಿರುಗುಮುರುಗು: ಮೂಳೆ ಬೇಗ ಬೇಗ ಕರಗುತ್ತದೆ, ಅದೇ ವೇಗದಲ್ಲಿ ಕಟ್ಟಿಕೊಳ್ಳುವುದಿಲ್ಲ.

ಇಲಿಗಳಿಗೆ ಥೈರಾಕ್ಸಿನ್ (ಥೈರಾಯಿಡ್ ಹಾರ್ಮೋನು) ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಹಲ್ಲು ಬೇಗ ಸರಿದದ್ದುಂಟು. ಹಾಗಂತ ಕ್ಲಿಪ್ ಬೇಗ ಬಿಚ್ಚಲಿ ಅಂತ ಒಂದು ಮಾತ್ರೆ ಜಾಸ್ತಿ ನುಂಗುವುದು ಶುದ್ಧ ಹುಚ್ಚುತನ. ಎದೆ ಬಡಿತ ಏರುತ್ತದೆ, ಮೂಳೆ ಸವೆಯುತ್ತದೆ.

ಸಮಾಧಾನದ ಸಂಗತಿ ಏನೆಂದರೆ, ಮಾತ್ರೆಯಿಂದ ಟಿಎಸ್‌ಎಚ್ ಹದಕ್ಕೆ ಬಂದವರಿಗೆ ಕ್ಲಿಪ್ ಹಾಕಿಸಲು ಅಡ್ಡಿಯಿಲ್ಲ. ಡೋಸ್ ಈಚೆಗೆ ಬದಲಾಗಿದ್ದರೆ ಆರರಿಂದ ಎಂಟು ವಾರ ಬಿಟ್ಟು ರಕ್ತ ಪರೀಕ್ಷೆ ಮಾಡಿಸಿ. ಆ ಹೊಸ ರಿಪೋರ್ಟನ್ನೇ ಹಲ್ಲಿನ ಡಾಕ್ಟರಿಗೆ ಕೊಡಿ, ಹಳೆಯದನ್ನಲ್ಲ. ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ. ಚಹಾ ಅರ್ಧ ಗಂಟೆಯಾದರೂ ಕಾಯಲಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇದ್ದರೆ ನಾಲ್ಕು ಗಂಟೆಯ ಅಂತರ ಬೇಕು. ಇಲ್ಲವಾದರೆ ಥೈರಾಯಿಡ್ ಮಾತ್ರೆ ಮೈಗೆ ಸರಿಯಾಗಿ ಹಿಡಿಯುವುದಿಲ್ಲ.

ಹೈಪರ್ ಹಿಡಿತಕ್ಕೆ ಬಾರದವರು ಮಾತ್ರ ಅವಸರ ಮಾಡಬೇಡಿ. ಕ್ಲಿಪ್‌ಗೆ ಜಾಗ ಮಾಡಲು ಹಲ್ಲು ಕೀಳುವುದುಂಟು. ಮರಗಟ್ಟಿಸುವ ಇಂಜೆಕ್ಷನ್ನಿನಲ್ಲಿ ಸಾಮಾನ್ಯವಾಗಿ ಅಡ್ರಿನಲಿನ್ ಇರುತ್ತದೆ. ಇಂಥವರ ಹೃದಯಕ್ಕೆ ಅದು ಅಪಾಯ. ಮೊದಲು ಥೈರಾಯಿಡ್ ಸರಿಯಾಗಲಿ, ಹಲ್ಲು ಆಮೇಲೆ.

ಹಳೇ ಪೆಟ್ಟನ್ನು ನೆನಪು ಮಾಡಿಕೊಳ್ಳಿ

ನನ್ನ ಪ್ರಕಾರ ಜನ ಹೆಚ್ಚು ಮರೆಯುವುದು ಇದನ್ನೇ. ಪಾಗಾರದಿಂದ ಬಿದ್ದದ್ದು, ಕಬಡ್ಡಿಯಲ್ಲಿ ಮೊಣಕೈ ತಾಗಿದ್ದು, ಸೈಕಲ್ ಹ್ಯಾಂಡಲ್ ಬಡಿದದ್ದು. ನೋವು ಹೋಯಿತು, ಕಥೆ ಮುಗಿಯಿತು ಅಂತ ಬಿಟ್ಟುಬಿಡುತ್ತಾರೆ. ಮುಂದಿನ ಹಲ್ಲು ಉಬ್ಬಿದ ಮಕ್ಕಳಿಗೆ ಪೆಟ್ಟಾಗುವ ಸಂಭವ ಜಾಸ್ತಿ. ಕ್ಲಿಪ್ ಬೇಕಾಗುವುದೂ ಅವರಿಗೇ.

ಪೆಟ್ಟು ತಿಂದ ಹಲ್ಲಿನ ಒಳಗಿನ ನರ ನಿಧಾನವಾಗಿ ಸಾಯಬಹುದು. ಹಲ್ಲು ಬೂದು ಬಣ್ಣಕ್ಕೆ ತಿರುಗಿದರೆ ಅದೊಂದು ಸೂಚನೆ. ಬೇರು ಸವೆಯುತ್ತಿರಬಹುದು. ತಂತಿಯ ಒತ್ತಡ ಬಿದ್ದರೆ ಆ ಸವೆತ ಏರುವ ಭಯವಿದೆ. ಎಲ್ಲಕ್ಕಿಂತ ಕಿರಿಕಿರಿಯದು ಬೇರು ಮೂಳೆಗೇ ಬೆಸೆದುಹೋಗುವುದು. ನಡುವಿನ ಆ ತೆಳು ಪದರ ಸತ್ತುಹೋದರೆ ಹಲ್ಲು ಕಾಂಕ್ರೀಟಿನಲ್ಲಿ ಹೂತ ಕಂಬದ ಹಾಗೆ. ತಂತಿ ಎಷ್ಟು ಎಳೆದರೂ ಅದು ಬರುವುದಿಲ್ಲ, ಪಕ್ಕದ ಹಲ್ಲುಗಳೇ ಅದರ ಕಡೆ ವಾಲುತ್ತವೆ. ಡಾಕ್ಟರು ಬಾಯಿಕನ್ನಡಿಯ ಹಿಡಿಯಿಂದ ಹಲ್ಲುಗಳನ್ನು ಒಂದೊಂದಾಗಿ ತಟ್ಟಿ ಕಿವಿಗೊಡುವುದು ಇದಕ್ಕೇ. ಬೇರೆ ಹಲ್ಲುಗಳ ಸದ್ದು ಮಂದ, ಬೆಸೆದ ಹಲ್ಲಿನದು ಲೋಹದಂಥ ಚುರುಕು ಸದ್ದು. ಬೆಳೆಯುವ ಮಕ್ಕಳಲ್ಲಿ ಆ ಹಲ್ಲು ವರ್ಷ ಕಳೆದಂತೆ ಗಿಡ್ಡವಾದಂತೆ ಕಾಣುತ್ತದೆ. ಅದು ನಿಂತಲ್ಲೇ ನಿಂತಿರುತ್ತದೆ, ಪಕ್ಕದವು ಬೆಳೆದು ಮುಂದೆ ಹೋಗಿರುತ್ತವೆ.

ಪೆಟ್ಟಾದ ಮೇಲೆ ಕ್ಲಿಪ್‌ಗೆ ಎಷ್ಟು ಕಾಯಬೇಕು?

ಸಣ್ಣ ಪೆಟ್ಟು, ಸ್ವಲ್ಪ ಅಲುಗಾಟ ಇದ್ದರೆ ಸಾಮಾನ್ಯವಾಗಿ ಮೂರು ತಿಂಗಳು. ಹಲ್ಲು ಜಾಗ ಬಿಟ್ಟು ಸರಿದಿದ್ದರೆ ಆರು ತಿಂಗಳಿಂದ ಒಂದು ವರ್ಷ. ಬೇರು ಮುರಿದಿದ್ದರೆ, ಅಥವಾ ಉದುರಿದ ಹಲ್ಲನ್ನು ತಿರುಗಿ ಕೂರಿಸಿದ್ದರೆ, ಒಂದು ವರ್ಷ. ಈ ಅವಧಿಯಲ್ಲಿ ಎಕ್ಸ್‌ರೇ ತೆಗೆಸುತ್ತಾ ಇರಬೇಕು. ಸುಮ್ನೆ ದಿನ ಎಣಿಸಿದರೆ ಸಾಲದು. ರೂಟ್ ಕೆನಾಲ್ ಆದ ಹಲ್ಲೂ ಸರಿಯುತ್ತದೆ, ಅದಕ್ಕೆ ಹೆದರಬೇಡಿ. ಕ್ಲಿಪ್ ಹಾಕಿದ ಮೇಲೆ ಆರನೇ ತಿಂಗಳ ಹೊತ್ತಿಗೆ ಪೆಟ್ಟಾದ ಹಲ್ಲಿನ ಎಕ್ಸ್‌ರೇ ಮತ್ತೊಮ್ಮೆ ಬೇಕು ಅಂತ ನೀವೇ ಕೇಳಿ. ಬೇರಿನ ತುದಿ ಮೊಂಡಾಗಿದ್ದರೆ ಕೆಲವು ತಿಂಗಳು ಒತ್ತಡ ನಿಲ್ಲಿಸಿ ನೋಡುತ್ತಾರೆ.

ಹಳೇ ಎಕ್ಸ್‌ರೇ ಫಿಲ್ಮು, ಓಪಿ ಚೀಟಿ, ಮಾತ್ರೆಯ ಹೆಸರು ಮತ್ತು ಡೋಸ್ ಎಲ್ಲ ಒಂದೇ ಫೈಲಿನಲ್ಲಿರಲಿ. ಫಿಲ್ಮನ್ನು ಮಡಚಬೇಡಿ. ಅಟ್ಟದಲ್ಲಿಟ್ಟರೆ ನಮ್ಮ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟರೂ ನಡೆದೀತು. ಬಿದ್ದ ತಿಂಗಳು, ವರ್ಷ ತಪ್ಪದೆ ಬರೆದಿಡಿ, ಕಾಯುವ ಲೆಕ್ಕ ಅಲ್ಲಿಂದಲೇ ಶುರು.

ಕ್ಲಿಪ್ ಇರುವಾಗಲೇ ಬಿದ್ದರೆ

ಆಟದ ಮಕ್ಕಳಿಗೆ ಕ್ಲಿಪ್ ಮೇಲೆ ಕೂರುವ ಮೌತ್‌ಗಾರ್ಡ್ ಮಾಡಿಸಬಹುದು, ಕೇಳಿ. ಆದರೂ ಹಲ್ಲು ಉದುರಿತೇ? ಬೇರು ಮುಟ್ಟದೆ, ಕಾಣುವ ಬಿಳಿ ಭಾಗವನ್ನು ಹಿಡಿದೆತ್ತಿ. ಮಣ್ಣಾಗಿದ್ದರೆ ಹಾಲಿನಲ್ಲೋ ನಲ್ಲಿ ನೀರಿನಲ್ಲೋ ಕೆಲವೇ ಸೆಕೆಂಡು ಅದ್ದಿ. ಉಜ್ಜಬೇಡಿ. ಸಾಧ್ಯವಾದರೆ ಅಲ್ಲೇ ಜಾಗಕ್ಕೆ ಕೂರಿಸಿ, ಬಟ್ಟೆ ಕಚ್ಚಿಸಿ. ಧೈರ್ಯ ಸಾಲದಿದ್ದರೆ ತಣ್ಣಗಿನ ಹಾಲಿನಲ್ಲಿ ಹಾಕಿ ಓಡಿ. ನೀರಿನಲ್ಲಿ ಹಾಕಿಡಬೇಡಿ. ಹಲ್ಲು ಒಂದು ಗಂಟೆ ಒಣಗಿದರೆ ಬೇರಿನ ಮೇಲಿನ ಜೀವಕೋಶಗಳು ಸಾಯುತ್ತವೆ. ಹಾಗಾಗಿ ಮಂಗಳೂರಿನ ರೈಲು ಕಾಯಬೇಡಿ, ಹತ್ತಿರದ ಹಲ್ಲಿನ ಡಾಕ್ಟರೇ ಸಾಕು. ಹಾಲುಹಲ್ಲು ಉದುರಿದರೆ ಮಾತ್ರ ತಿರುಗಿ ಕೂರಿಸಬಾರದು. ಕೆಳಗಿರುವ ಹೊಸ ಹಲ್ಲಿಗೆ ಪೆಟ್ಟಾದೀತು.