ಬೇರೆಯವರ ಹೆಸರು, ನನ್ನ ಆ್ಯಪ್

ಒಂದು ಬಸ್ ಕಂಪನಿಯ ವೇಳಾಪಟ್ಟಿ ತೋರಿಸುವ ಆ್ಯಪ್ ಮಾಡಿದ್ದೇನೆ. ಆ ಕಂಪನಿಗೂ ನನಗೂ ಯಾವ ಸಂಬಂಧವೂ ಇಲ್ಲ. ಅವರ ಬಸ್ಸಿನಲ್ಲಿ ದಿನಾ ಓಡಾಡುವವನು, ಅಷ್ಟೇ. ಕೋಡ್‌ಗಿಂತ ಜಾಸ್ತಿ ತಲೆ ಓಡಿಸಿದ್ದು ಅವರ ಹೆಸರನ್ನು ಎಲ್ಲಿ, ಎಷ್ಟು ಬಳಸಬಹುದು ಅನ್ನುವುದಕ್ಕೆ.

ಕಂಪನಿಯ ಹೆಸರು ಎತ್ತಲೇಬಾರದು ಅಂತ ಕೆಲವರು ಹೆದರಿಸುತ್ತಾರೆ. ಅಷ್ಟು ಹೆದರಬೇಕಿಲ್ಲ. ಯಾರ ಬಸ್ಸು ಅಂತ ಹೇಳದೆ ವೇಳಾಪಟ್ಟಿ ಕೊಡುವುದು ಹೇಗೆ? ಅಮೆರಿಕದಲ್ಲಿ ನ್ಯೂ ಕಿಡ್ಸ್ ಆನ್ ದ ಬ್ಲಾಕ್ ಎಂಬ ಹಾಡುಗಾರರ ತಂಡ, ತಂಡದಲ್ಲಿ ಯಾರು ಹೆಚ್ಚು ಇಷ್ಟ ಅಂತ ತಮ್ಮ ಹೆಸರು ಬಳಸಿ ಓದುಗರ ಮತ ಕೇಳಿದ ಪತ್ರಿಕೆಗಳ ಮೇಲೆ ಕೇಸು ಹಾಕಿತ್ತು. 1992ರಲ್ಲಿ ಮೇಲ್ಮನವಿ ಕೋರ್ಟು ಪತ್ರಿಕೆಗಳ ಪರ ತೀರ್ಪು ಕೊಟ್ಟಿತು. ಆಗ ಕೋರ್ಟು ನೋಡಿದ್ದು ಮೂರು ವಿಷಯ: ಆ ಹೆಸರು ಹೇಳದೆ ವಿಷಯ ಗೊತ್ತಾಗುತ್ತಾ? ಬೇಕಾದಷ್ಟು ಮಾತ್ರ ಬಳಸಿದ್ದಾರಾ? ಹೆಸರಿನ ಒಡೆಯರೇ ಇದರ ಹಿಂದೆ ಇದ್ದಾರೆ ಅನ್ನಿಸುತ್ತಾ? ವ್ಯಾಪಾರದ ಹೆಸರು, ಗುರುತುಗಳನ್ನು ಕಾಯುವ ಭಾರತದ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 30ನೇ ಸೆಕ್ಷನ್ ಕೂಡ ಪ್ರಾಮಾಣಿಕ ಬಳಕೆಗೆ ಜಾಗ ಬಿಟ್ಟಿದೆ. ದೇಶದಿಂದ ದೇಶಕ್ಕೆ ಕಾನೂನಿನ ಮಾತು ಬೇರೆ, ಆದರೆ ಈ ಮೂರು ಪ್ರಶ್ನೆ ಎಲ್ಲಿದ್ದರೂ ಉಪಯೋಗಕ್ಕೆ ಬರುತ್ತವೆ.

ಎರಡನೇ ಪ್ರಶ್ನೆಯಿಂದಲೇ ಲೋಗೋ ಬಿಟ್ಟೆ. ಹೆಸರು ಹೇಳಿದರೆ ಕಂಪನಿ ಯಾವುದು ಅಂತ ತಿಳಿಯುತ್ತದೆ, ಅಲ್ವಾ? ಮತ್ತೆ ಲೋಗೋ ಯಾಕೆ? ಅದರ ಚಿತ್ರಕ್ಕೆ ಕಾಪಿರೈಟ್ ಕೂಡ ಇರಬಹುದು. ಬಸ್ಸಿನ ಬಣ್ಣವನ್ನೂ ಐಕಾನ್‌ಗೆ ತರಲಿಲ್ಲ. ಆ್ಯಪ್ ಸ್ಟೋರ್‌ಗೆ ಹಾಕುವ ಸ್ಕ್ರೀನ್‌ಶಾಟ್‌ಗಳಲ್ಲಿ ಎಲ್ಲೂ ಲೋಗೋ ಇಣುಕದ ಹಾಗೆ ನೋಡಿಕೊಂಡೆ.

ಹೆಸರು ಇಡುವಾಗ ಕಂಪನಿಯ ಹೆಸರನ್ನು ಮುಂದೆ ತರಲಿಲ್ಲ. ಮೊದಲು ನನ್ನದೇ ಒಂದು ಹೆಸರು, ಆಮೇಲೆ ‘ಇಂಥ ಬಸ್‌ಗಳಿಗೆ’ ಅನ್ನುವ ಅರ್ಥ ಬರುವ ಮಾತು. ರೆಡಿಟ್ ಎಂಬ ಚರ್ಚಾ ತಾಣಕ್ಕೆ ಹೊರಗಿನವರು ಮಾಡಿದ ಆ್ಯಪ್‌ಗಳಲ್ಲಿ ‘ಅಪೋಲೋ ಫಾರ್ ರೆಡಿಟ್’ ಹೀಗೇ ಇತ್ತು. ಆ್ಯಪಲ್‌ನಲ್ಲೂ ಗೂಗಲ್ ಪ್ಲೇಯಲ್ಲೂ ಹೆಸರಿಗೆ ಸಿಗುವುದು 30 ಅಕ್ಷರ. ಅದಕ್ಕೇ ಸ್ವಂತ ಹೆಸರು ಚಿಕ್ಕದಿರಬೇಕು.

ಮೂರನೇ ಪ್ರಶ್ನೆಯೇ ಎಲ್ಲಕ್ಕಿಂತ ಕಷ್ಟ. ‘ಇದು ಅಧಿಕೃತ ಆ್ಯಪ್ ಅಲ್ಲ’ ಅಂತ ಎಲ್ಲೋ ಒಂದು ಮೂಲೆಯಲ್ಲಿ ಬರೆದರೆ ಯಾರೂ ಓದುವುದಿಲ್ಲ. ಬಿಡುಗಡೆಗೆ ಮೊದಲು ಪರಿಚಯದ ಕೆಲವರ ಕೈಗೆ ಫೋನ್ ಕೊಟ್ಟು, ಏನೂ ಹೇಳದೆ ಸುಮ್ನೆ ಕೂತೆ. ಒಬ್ಬರು ಎರಡು ಸಲ ಒತ್ತಿ, ‘ಮೊನ್ನೆ ಟಿಕೆಟ್ ಕ್ಯಾನ್ಸಲ್ ಮಾಡಿದ್ದೆ, ದುಡ್ಡು ಯಾವಾಗ ವಾಪಸ್ ಬರುತ್ತೆ?’ ಅಂತ ಕೇಳಿದರು. ಕೋರ್ಟಿನಲ್ಲಿ ಎದುರು ಪಕ್ಷದವರು ಹುಡುಕುವ ಸಾಕ್ಷಿ ಇಂಥದ್ದೇ: ಜನ ನಿಜವಾಗಿ ಇದನ್ನು ಕಂಪನಿಯದೇ ಆ್ಯಪ್ ಅಂದುಕೊಂಡರು ಅನ್ನುವುದು. ಹಾಗಾಗಿ ‘ಅಧಿಕೃತ ಅಲ್ಲ’ ಅನ್ನುವ ಮಾತನ್ನು ಸ್ಟೋರ್ ವಿವರಣೆಯ ಮೊದಲ ಸಾಲಿಗೂ ಆ್ಯಪ್‌ನ ಮೊದಲ ಪರದೆಗೂ ತಂದೆ. ಅದರ ಕೆಳಗೇ ‘ಟಿಕೆಟ್, ದೂರು, ಹಣ ವಾಪಸಿಗೆ ಕಂಪನಿಯ ವೆಬ್‌ಸೈಟ್ ನೋಡಿ’ ಅಂತ ಲಿಂಕ್ ಕೊಟ್ಟೆ. ಯಾರದೋ ದುಡ್ಡಿನ ಚಿಂತೆ ತಪ್ಪು ಬಾಗಿಲಿಗೆ ಬಂದು ನಿಲ್ಲಬಾರದು. ಕಾನೂನು ಇಲ್ಲದಿದ್ದರೂ ನಾನು ಇದನ್ನು ಮಾಡುತ್ತಿದ್ದೆ.

ಕಂಪನಿಗೆ ಪತ್ರವನ್ನೂ ಬರೆದೆ. ಉತ್ತರ ಬರಲಿಲ್ಲ. ಉತ್ತರ ಬಾರದಿದ್ದರೆ ಒಪ್ಪಿಗೆ ಅಂತ ಲೆಕ್ಕವಲ್ಲ, ಹಾಗಾಗಿ ಎಲ್ಲೂ ‘ಅನುಮತಿ ಪಡೆದಿದೆ’ ಅನ್ನುವ ಅರ್ಥ ಬರದ ಹಾಗೆ ಬರೆದಿದ್ದೇನೆ. ಪತ್ರದ ಪ್ರತಿ ಇಟ್ಟುಕೊಂಡಿದ್ದೇನೆ.

ಇನ್ನೊಂದು ಮಾತು, ಇದನ್ನು ಬಹಳ ಜನ ಗಮನಿಸುವುದಿಲ್ಲ. ಕೋರ್ಟಿನಲ್ಲಿ ಗೆಲ್ಲುವ ವಾದ ನಮ್ಮ ಹತ್ತಿರ ಇದ್ದರೂ, ಕಂಪನಿ ಸ್ಟೋರ್‌ಗೆ ಒಂದು ದೂರು ಕೊಟ್ಟರೆ ಆ್ಯಪ್ ಕೆಳಗೆ ಇಳಿಯಬಹುದು. ಅದಕ್ಕೇ ಪ್ಯಾಕೇಜ್ ನೇಮ್‌ನಲ್ಲಿ (ಸ್ಟೋರ್ ಆ್ಯಪನ್ನು ಗುರುತಿಸುವ ಒಳಗಿನ ಹೆಸರು) ಕಂಪನಿಯ ಹೆಸರು ಸೇರಿಸಲಿಲ್ಲ. ಒಮ್ಮೆ ಪ್ರಕಟಿಸಿದ ಮೇಲೆ ಅದನ್ನು ಬದಲಿಸಲು ಆಗುವುದಿಲ್ಲ. ಮೇಲೆ ಕಾಣುವ ಹೆಸರನ್ನು ಮಾತ್ರ ಬದಲಿಸಬಹುದು. ನಾಳೆ ಅವರು ‘ನಮ್ಮ ಹೆಸರು ತೆಗೆಯಿರಿ’ ಅಂದರೆ, ಈಗಿರುವ ಬಳಕೆದಾರರನ್ನು ಬಿಟ್ಟುಕೊಡದೆ ಒಂದೇ ಅಪ್‌ಡೇಟ್‌ನಲ್ಲಿ ಕೆಲಸ ಮುಗಿಯುತ್ತದೆ.